ಸಿಗ್ನಲ್ ಇಲ್ಲದ ಶುಕ್ರವಾರಗಳು

ಒಣಗಿದ ತುಟಿಯಲ್ಲಿ ರೈಲು ಓಡಿಸಲು ಆಗುವುದಿಲ್ಲ. ನಾನು ಓಡಿಸಿ ನೋಡಿದ್ದೇನೆ. ಮಂಜೇಶ್ವರದಿಂದ ಹೊರಟ ಗಾಡಿ ಕುಂಬಳೆ ಮುಟ್ಟುವ ಮೊದಲೇ ಕೆಳತುಟಿ ನಡುವೆ ಸೀಳಿ ರಕ್ತ ಬಂತು. ರೈಲು ಎಲ್ಲೋ ಗದ್ದೆಯ ಬದಿಯಲ್ಲಿ ನಿಂತಿತು. ಅದರಲ್ಲಿದ್ದ ಇಬ್ಬರೇ ಪ್ರಯಾಣಿಕರಾದ ನನ್ನ ಅಮ್ಮ ಮತ್ತು ಅಜ್ಜಿ ಇಳಿದು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಮಿಮಿಕ್ರಿ ನನ್ನ ಹುಚ್ಚು. ಶಾಲಾ ಕಲೋತ್ಸವದಲ್ಲಿ ಹಿಡಿದದ್ದು, ಆಮೇಲೆ ಕ್ಲಬ್ಬುಗಳ ವಾರ್ಷಿಕೋತ್ಸವ, ಮದುವೆಮನೆಯ ಮದರಂಗಿ ಕಾರ್ಯಕ್ರಮ ಅಂತ ಬಿಡದೆ ಬೆಳೆಯಿತು. ರೈಲು, ಮಿಕ್ಸಿ, ಕಪ್ಪೆ, ಹೊಸಂಗಡಿ ಬಸ್ಸಿನ ಕಂಡಕ್ಟರ್, ಭಾಷಣಕ್ಕೆ ಮೊದಲು ಮೈಕಿನ ತಲೆಗೆ ನಾಲ್ಕು ಬಾರಿಸಿ 'ಕೇಳ್ತದಾ' ಎಂದು ಕೇಳುವ ಮಾಷ್ಟ್ರು: ನನ್ನ ಬಾಯಿಯಿಂದ ಬಚಾವಾದವರು ನಮ್ಮೂರು ವರ್ಕಾಡಿಯಲ್ಲಿ ಕಡಿಮೆ. ಹಾಗಾಗಿ ನನ್ನ ಮುಖದಲ್ಲಿ ಮೊಡವೆ ಎದ್ದಾಗ ಊರಿಗೆ ಊರೇ ಸೇಡು ತೀರಿಸಿಕೊಂಡಿತು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಇದನ್ನು ಬರೆಯುವುದು ಕಾಸರಗೋಡಿನ ಆ ಚರ್ಮದ ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಜೊತೆ ಕೂತಿದ್ದವರಿಗಾಗಿ. ಅಲ್ಲಿ ನಾವು ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ನಿಮ್ಮ ಎಡಗಡೆ ಟೋಪಿ ಮತ್ತು ಮಾಸ್ಕ್ ಎರಡನ್ನೂ ಹಾಕಿಕೊಂಡು, ಬ್ಯಾಂಕ್ ದೋಚಲು ಬಂದವನ ಹಾಗೆ ಒಬ್ಬ ಕೂತಿದ್ದನಲ್ಲ, ಅವನು ನಾನೇ.

ನನ್ನ ಅಪ್ಪ ಕುವೈತಿನ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾರೆ. ನಾನು ಹುಟ್ಟಿದ ಮರುವರ್ಷ ಹೋದವರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬರುತ್ತಾರೆ. ಎಲ್ಲ ರಜೆಗಳನ್ನೂ ಕೂಡಿಸಿದರೆ ನಾನು ಅಪ್ಪನನ್ನು ಎದುರೆದುರು ಕಂಡದ್ದು ಎರಡು ವರ್ಷವೂ ಆಗುವುದಿಲ್ಲ. ಉಳಿದದ್ದೆಲ್ಲ ಫೋನಿನಲ್ಲಿ. ನನ್ನ ಮಟ್ಟಿಗೆ ಅಪ್ಪ ಎಂದರೆ ಎದೆಯಿಂದ ಮೇಲೆ ಮಾತ್ರ ಇರುವ ಒಬ್ಬ ಮನುಷ್ಯ.

ಹೊರಡುವ ದಿನ ಅವರದ್ದೊಂದು ಕ್ರಮ ಉಂಟು. ಅಪ್ಪಿಕೊಳ್ಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಇಸ್ತ್ರಿಯ ಬಿಸಿಗೆ ಗಟ್ಟಿಯಾದ ಹೆಬ್ಬೆರಳುಗಳಲ್ಲಿ ನನ್ನ ಎರಡೂ ಗಲ್ಲಗಳನ್ನು ಹಿಡಿದು ಹಿಂಡುತ್ತಾರೆ. ನಾನು ಐದು ವರ್ಷದವನಿದ್ದಾಗ ಹಿಂಡಿದಷ್ಟೇ ಜೋರಾಗಿ, ಹತ್ತೊಂಬತ್ತು ದಾಟಿದಾಗಲೂ, ಮಂಗಳೂರು ವಿಮಾನ ನಿಲ್ದಾಣದ ಬಾಗಿಲಲ್ಲಿ, ಕೋವಿ ಹಿಡಿದ ಪೊಲೀಸಿನವನ ಎದುರು.

"ಅಪ್ಪ, ಬಿಡಿ. ಜನ ನೋಡ್ತಾರೆ."

"ನೋಡ್ಲಿ. ಎರಡು ವರ್ಷಕ್ಕೆ ಬೇಕಾದಷ್ಟು ನಾನು ಇವತ್ತೇ ಹಿಂಡಿಕೊಳ್ಬೇಕಲ್ಲ."

ಅದು ಆ ನಯವಾದ ಗಲ್ಲಗಳ ಕೊನೆಯ ಸಾರ್ವಜನಿಕ ಪ್ರದರ್ಶನ. ನಾಲ್ಕು ತಿಂಗಳಲ್ಲಿ ಎಡಗಲ್ಲದಲ್ಲಿ ಒಂದು ಗಂಟು ಎದ್ದಿತು. ಅದು ಒಂಟಿಯಾಗಿ ಇರಲಾರದೆ ನೆಂಟರನ್ನು ಕರೆಯಿತು. ಗಲ್ಲ, ದವಡೆ, ಕುತ್ತಿಗೆ, ಬೆನ್ನು. ಹದಿಹರೆಯದಲ್ಲಿ ಎಲ್ಲರಿಗೂ ಬರುವ ಮೊಡವೆಯ ಜಾತಿ ಅಲ್ಲ ಇದು. ಒಳಗೆ ಬೇರು ಬಿಟ್ಟು, ಕೀವು ತುಂಬಿ, ದಿಂಬಿಗೆ ಗಲ್ಲ ತಾಗಿದರೆ ಎಚ್ಚರವಾಗುವಷ್ಟು ನೋವು. ಬೆಳಿಗ್ಗೆ ದಿಂಬಿನ ಬಟ್ಟೆಯಲ್ಲಿ ರಕ್ತದ ಚುಕ್ಕಿಗಳು. ಅಮ್ಮ ದಿಂಬಿನ ಬಟ್ಟೆಯನ್ನು ದಿನವೂ ಬದಲಿಸತೊಡಗಿದರು, ಎಲ್ಲವೂ ಗಾಢ ಬಣ್ಣದವು.

ಸಲಹೆಗಳಿಗೆ ಬರ ಇರಲಿಲ್ಲ. ಬಸ್ಸಿಗೆ ಕಾಯುವ ಹತ್ತು ನಿಮಿಷದಲ್ಲಿ ನನಗೆ ಮೂವರು ವೈದ್ಯರು ಸಿಗುತ್ತಿದ್ದರು. ಒಬ್ಬರು ಕಹಿಬೇವು, ಇನ್ನೊಬ್ಬರು ರಕ್ತಚಂದನ. ಮೂರನೆಯವರು ಎರಡನ್ನೂ ಬೈದು "ರಾತ್ರಿ ಮೊಬೈಲ್ ನೋಡುದು ಬಿಡು" ಎನ್ನುವವರು. ನಾನು ಅವರೆದುರೇ ಅವರ ಧ್ವನಿಯಲ್ಲಿ ಅವರ ಸಲಹೆಯನ್ನು ತಿರುಗಿ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಗುವವರು ಮುಖವನ್ನು ಅಷ್ಟಾಗಿ ನೋಡುವುದಿಲ್ಲ, ಅದು ನನಗೆ ಬೇಗ ಗೊತ್ತಾಯಿತು.

ಅಜ್ಜಿ, ಅಂದರೆ ಅಪ್ಪನ ಅಮ್ಮ, ಚರ್ಮದ ವಿಷಯ ನಾಗನಿಗೆ ಸೇರಿದ್ದು ಎಂದು ಮೊದಲ ವಾರವೇ ತೀರ್ಮಾನಿಸಿದ್ದರು. ನಾಗನಿಗೆ ತಂಬಿಲದ ಪೂಜೆ ಕೊಡಿಸಿ, ಉಪ್ಪು ಮತ್ತು ಕರಿಮೆಣಸಿನ ಹರಕೆ ಹೇಳಿಕೊಂಡರು. "ನೀನು ಹಾವಿನ ಹಾಗೆ ಬುಸುಗುಟ್ಟುವ ಮಿಮಿಕ್ರಿ ಮಾಡಿದ್ದಕ್ಕೇ ಇದು" ಎಂಬುದು ಅವರ ವಾದ. ನಾನು ಕಪ್ಪೆಯ ಮಿಮಿಕ್ರಿಯನ್ನೂ ಮಾಡುತ್ತೇನೆ, ಹಾಗಾದರೆ ನಾಗ ಖುಷಿಪಡಬೇಕಲ್ಲ ಎಂದೆ. ಎರಡು ದಿನ ಮಾತು ಬಿಟ್ಟರು.

ನನ್ನದೇ ಬುದ್ಧಿಯಿಂದ ಮಾಡಿದ ಕೆಲಸ ಎಲ್ಲಕ್ಕಿಂತ ಕೆಟ್ಟದು. ಮುಖ ಬೆಳ್ಳಗೆ ಮಾಡುವ ಒಂದು ಟ್ಯೂಬನ್ನು ಯಾರೋ ಹೇಳಿದರೆಂದು ಔಷಧದಂಗಡಿಯಿಂದ ತಂದು ಮೂರು ತಿಂಗಳು ಹಚ್ಚಿದೆ. ಮೊದಲ ವಾರ ಮುಖ ನಿಜಕ್ಕೂ ಹೊಳೆಯಿತು. ಬಿಟ್ಟ ಮೇಲೆ ಮೊಡವೆಗಳು ಸೈನ್ಯ ಕಟ್ಟಿಕೊಂಡು ಬಂದವು. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ.

ಆ ದಿನಗಳಲ್ಲಿ ಕಂಡ ಒಂದು ದಯೆಯನ್ನು ಇಲ್ಲಿ ಹೇಳಬೇಕು. ನಮ್ಮ ಕ್ಷೌರದಂಗಡಿಯ ಜನಾರ್ದನಣ್ಣ ಬಾಯಿ ತೆರೆದರೆ ಮುಚ್ಚುವವರಲ್ಲ. ಒಂದು ದಿನ ನಾನು ಕೂತ ಕೂಡಲೇ ಕುರ್ಚಿಯನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿದರು. "ಈ ಕಡೆ ಬೆಳಕು ಜಾಸ್ತಿ" ಎಂದರು. ಆ ಕಡೆ ಇದ್ದದ್ದು ಗೋಡೆ. ಬ್ಲೇಡನ್ನು ಪಕ್ಕಕ್ಕಿಟ್ಟು, ಕತ್ತರಿಯಿಂದಲೇ ಗಂಟುಗಳ ನಡುವೆ ದಾರಿ ಹುಡುಕುತ್ತ ಗಡ್ಡ ತೆಗೆದರು. ಒಂದೂ ಸಲಹೆ ಕೊಡಲಿಲ್ಲ. ನಾನು ಅವರ ಮಿಮಿಕ್ರಿಯನ್ನು ಅಂದಿನಿಂದ ಬಿಟ್ಟಿದ್ದೇನೆ.

ಶುಕ್ರವಾರ ಅಪ್ಪನಿಗೆ ರಜೆ. ಹನ್ನೊಂದು ಗಂಟೆಗೆ ವಿಡಿಯೊ ಕಾಲ್. ಮೊದಲು ಅಮ್ಮ, ಆಮೇಲೆ ಅಜ್ಜಿ, ಕೊನೆಗೆ ನಾನು. ಮುಖದ ಅವಸ್ಥೆ ಕೈಮೀರಿದ ಮೊದಲ ಶುಕ್ರವಾರ ಅಜ್ಜಿಯಿಂದ ಫೋನು ನನ್ನ ಕೈಗೆ ಬಂದಾಗ ನಾನು ಕ್ಯಾಮರಾ ಆಫ್ ಮಾಡಿ ಅಂಗಳಕ್ಕೆ ಇಳಿದೆ.

ನಮ್ಮ ಮನೆ ಗಡಿಯ ಹತ್ತಿರ. ಫೋನಿಗೆ ತಾನು ಕೇರಳದ್ದೋ ಕರ್ನಾಟಕದ್ದೋ ಎಂಬ ಸಂಶಯ ಯಾವಾಗಲೂ ಉಂಟು. ಜಗಲಿಯಲ್ಲಿ ಒಂದು ಟವರ್ ಹಿಡಿದರೆ ಅಂಗಳದಲ್ಲಿ ಇನ್ನೊಂದು. ಅಪ್ಪನಿಗೂ ಇದು ಗೊತ್ತು. ನನ್ನ ಯೋಜನೆ ನಿಂತದ್ದು ಈ ಅಡಿಪಾಯದ ಮೇಲೆ. ಕೆಳತುಟಿಯನ್ನು ಹಲ್ಲಿಗೆ ಒತ್ತಿ 'ಕ್ರ್‌ರ್' ಎಂದು ಗಾಳಿ ಬಿಡಬೇಕು, ಎರಡು ಅಕ್ಷರ ನುಂಗಬೇಕು, ಒಂದು ಅಕ್ಷರವನ್ನು ಎಳೆದು ಅಲ್ಲೇ ನಿಲ್ಲಿಸಬೇಕು.

"ಅಪ್ಪಾ... ಕೇ... ಕ್ರ್‌ರ್... ಳ್ತದಾ... ವಿಡಿಯೊ... ಆಗು... ಕ್ರ್‌ರ್..."

"ಮಗಾ? ಮುಖ ಕಾಣುದಿಲ್ಲ."

"ಸಿಗ್... ಸಿಗ್... ನಲ್..."

"ಆಯ್ತು ಆಯ್ತು. ಸಿಗ್ನಲ್ ಇಲ್ಲ ಅಂತ ಕಾಣ್ತದೆ. ಇಡ್ತೇನೆ, ಆಗದಾ?"

ಅದು ನಾನು ಮಾಡಿದ ಅತ್ಯುತ್ತಮ ಮಿಮಿಕ್ರಿ ಎಂದು ಈಗಲೂ ಹೇಳುತ್ತೇನೆ. ಚಪ್ಪಾಳೆ ಮಾತ್ರ ಇಲ್ಲ. ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದ ಅಮ್ಮ ತಲೆ ಎತ್ತಿ ನೋಡಿದರು, ಮತ್ತೆ ಕತ್ತರಿಯ 'ಕಚ್ ಕಚ್' ಮುಂದುವರಿಯಿತು.

ಹಾಗೆ ಹದಿನಾಲ್ಕು ತಿಂಗಳು. ಪ್ರತಿ ಶುಕ್ರವಾರ ಅಪ್ಪ "ಇವತ್ತು ಹೇಗುಂಟು ಸಿಗ್ನಲ್?" ಎಂದು ಕೇಳುವುದು, ನಾನು ಹಾಳು ಮಾಡುವುದು. ಕರೆ ಕಟ್ಟಾದ ಮೇಲೆ ಫೋನಿನ ಕಪ್ಪು ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಅಪ್ಪ ನೋಡಬೇಕು ಎಂದು ನನಗೆ ಎಷ್ಟು ಆಸೆ ಇತ್ತೋ, ನೋಡಬಾರದು ಎಂದೂ ಅಷ್ಟೇ ಇತ್ತು. ಅವರ ಹತ್ತಿರ ಇರುವುದು ಆ ವಿಮಾನ ನಿಲ್ದಾಣದ ಗಲ್ಲ. ಎರಡು ವರ್ಷಕ್ಕೆಂದು ಕಟ್ಟಿಕೊಂಡು ಹೋದ ಬುತ್ತಿ. ಅದನ್ನು ಹಳಸಿಸಲು ನನಗೆ ಮನಸ್ಸಾಗಲಿಲ್ಲ. ದಿನಕ್ಕೆ ಇನ್ನೂರು ಅಂಗಿಗಳ ಸುಕ್ಕು ತೆಗೆಯುವ ಮನುಷ್ಯನಿಗೆ ಮಗನ ಮುಖ ಹೀಗೆ ಮುದ್ದೆಯಾಗಿದೆ ಎಂದು ಹೇಗೆ ತೋರಿಸುವುದು?

ಸ್ಟೇಜ್ ಬಿಟ್ಟೆ. ಆದರೆ ಬಾಯಿ ಸುಮ್ಮನಿರಬೇಕಲ್ಲ. ಗೆಳೆಯ ಹನೀಫ್ ರಿಕ್ಷಾಕ್ಕೆ ಮೈಕ್ ಕಟ್ಟಿಕೊಂಡು ಪ್ರಚಾರಕ್ಕೆ ಹೋಗುತ್ತಾನೆ. ಕಬಡ್ಡಿ ಪಂದ್ಯ, ಅಂಗಡಿ ಉದ್ಘಾಟನೆ, ರಕ್ತದಾನ ಶಿಬಿರ. ಅವನ ಹಿಂದಿನ ಸೀಟಿನಲ್ಲಿ ಪರದೆ ಇಳಿಸಿ ಕೂತು ನಾನು ಕೂಗತೊಡಗಿದೆ. ಧ್ವನಿ ಮಾತ್ರ ಬೇಕು, ಮುಖ ಬೇಡ. ನನಗಾಗಿಯೇ ದೇವರು ಮಾಡಿಟ್ಟ ಉದ್ಯೋಗ.

ಒಂದು ಮಧ್ಯಾಹ್ನ ಕುಂಬಳೆಯಲ್ಲಿ ರಿಕ್ಷಾ ನಿಲ್ಲಿಸಿ ಚಾ ಕುಡಿಯಲು ಹೋದೆವು. ಹೋಟೆಲಿನವರು ಹನೀಫನನ್ನು ಕೇಳಿದರು, "ನಿನ್ನ ಗಾಡಿಯಲ್ಲಿ ಮಾತಾಡುವ ಹುಡುಗ ಎಲ್ಲಿ ಮಾರಾಯ? ಎಂತ ಸ್ವರ ಅವನದ್ದು. ಆಳೂ ಚಂದ ಇರ್ಬೇಕು."

ನಾನು ಅವರಿಂದ ಎರಡಡಿ ದೂರದಲ್ಲಿ ಮಾಸ್ಕಿನ ಸಂದಿಯಲ್ಲಿ ಸ್ಟ್ರಾ ತೂರಿಸಿ ಲಿಂಬೆ ಶರಬತ್ತು ಕುಡಿಯುತ್ತಿದ್ದೆ.

"ಅವನು ರಜೆಯಲ್ಲಿದ್ದಾನೆ" ಎಂದ ಹನೀಫ್. ರಿಕ್ಷಾ ಹತ್ತಿದ ಮೇಲೆ ಕೀಲಿ ತಿರುಗಿಸದೆ ಕೂತ. "ನೋಡು, ನಿನಗೆ ನಾನು ಒಂದೇ ಮಾತು ಹೇಳುದು. ನಾಳೆ ಕಾಸರಗೋಡಿಗೆ ಹೋಗುವ. ಡಾಕ್ಟ್ರ ಹತ್ರ. ನೀನು ಬರುದಿಲ್ಲ ಅಂದ್ರೆ ಮೈಕ್ ಆನ್ ಮಾಡಿ ಇಲ್ಲೇ ಅನೌನ್ಸ್ ಮಾಡ್ತೇನೆ."

"ಎಂತ ಅಂತ?"

"ಮಾನ್ಯ ನಾಗರಿಕರೇ, ಇವನಿಗೆ ಡಾಕ್ಟ್ರನ್ನು ಕಂಡರೆ ಹೆದರಿಕೆ."

ನನ್ನ ಧ್ವನಿಯನ್ನೇ ಅನುಕರಿಸಿದ. ತುಂಬ ಕೆಟ್ಟದಾಗಿ. ಮರುದಿನ ಹೋದೆವು.

ಚರ್ಮದ ಡಾಕ್ಟರ ಕಾಯುವ ಕೋಣೆ ಬೇರೆ ಡಾಕ್ಟರದ್ದರ ಹಾಗಲ್ಲ. ಜ್ವರದವರು ಕೆಮ್ಮುತ್ತಾರೆ, ಮಾತಾಡುತ್ತಾರೆ, ನಿಮಗೆಷ್ಟು ದಿನ ಆಯ್ತು ಎಂದು ಕೇಳುತ್ತಾರೆ. ಇಲ್ಲಿ ಎಲ್ಲರೂ ನೆಲದ ಟೈಲ್ಸ್ ಎಣಿಸುತ್ತಾರೆ. ಒಬ್ಬಳು ಶಾಲಿನಿಂದ ಅರ್ಧ ಮುಖ ಮುಚ್ಚಿದ್ದಳು. ಒಬ್ಬರು ಕೈಗಳನ್ನು ತೊಡೆಯ ಅಡಿಯಲ್ಲಿಟ್ಟು ಕೂತಿದ್ದರು. ಟೋಕನ್ ಕೂಗುವಾಕೆ ಮಲಯಾಳದಲ್ಲಿ ನಂಬರು ಕರೆದಾಗ, ಎದ್ದವರು ಗೋಡೆಗೆ ಅಂಟಿಕೊಂಡೇ ಒಳಗೆ ಹೋಗುತ್ತಿದ್ದರು. ಇಷ್ಟು ಜನರಿರುವ ಕೋಣೆಯಲ್ಲಿ ಇಷ್ಟು ಮೌನ ನಾನು ಕೇಳಿರಲಿಲ್ಲ. ಮಿಮಿಕ್ರಿಗೆ ಏನೂ ಸಿಗದ ಒಂದೇ ಜಾಗ ಅದು.

ಡಾಕ್ಟರು ಮಲಯಾಳದವರು, ನನ್ನ ಅಮ್ಮನ ಪ್ರಾಯ. ಕನ್ನಡ ಕಲಿತಿದ್ದರು, ಅದಕ್ಕೆ ಮಲಯಾಳದ ಒಗ್ಗರಣೆ ಇತ್ತು. ಮಾಸ್ಕ್ ತೆಗೆಯಲು ಹೇಳಿದರು. ಬೆರಳಿನ ತುದಿಯಿಂದ ದವಡೆಯನ್ನು ಮುಟ್ಟಿ, ಗಲ್ಲವನ್ನು ಬೆಳಕಿಗೆ ತಿರುಗಿಸಿದರು. ಜನಾರ್ದನಣ್ಣನ ಕತ್ತರಿ ಬಿಟ್ಟರೆ, ಹತ್ತು ತಿಂಗಳಾಗಿತ್ತು ಒಬ್ಬರೂ ನನ್ನ ಮುಖ ಮುಟ್ಟದೆ. ಕಣ್ಣಿನಲ್ಲಿ ನೀರು ಬಂತು. ನೋವಾಯ್ತಾ ಎಂದು ಕೇಳಿದರು. ಹೌದು ಎಂದೆ, ಅದು ಸುಲಭದ ಉತ್ತರ.

ಟ್ಯೂಬಿನ ಕತೆ ಹೇಳಿದಾಗ ಬೈದರು. ಆಮೇಲೆ ಮಗನನ್ನು ಕೇಳುವ ಹಾಗೆ ಕೇಳಿದರು, "ನಿದ್ದೆ ಬರ್ತದಾ ಮೋನೇ? ಮನಸ್ಸು ಹೇಗುಂಟು?"

ನಾನು ಟೋಕನ್ ಕೂಗುವಾಕೆಯ ಧ್ವನಿಯಲ್ಲಿ "ಮನಸ್ಸು, ನಂಬರ್ ಇಪ್ಪತ್ತಮೂರು, ಇನ್ನೂ ಬಂದಿಲ್ಲ" ಎಂದೆ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು ಕಾದರು. ನನಗೆ ತಮಾಷೆ ಮುಗಿದ ಮೇಲೆ ಏನು ಮಾಡಬೇಕೆಂದು ಗೊತ್ತಾಗದೆ, "ಅಪ್ಪನಿಗೆ ಮುಖ ತೋರಿಸದೆ ಹನ್ನೊಂದು ತಿಂಗಳಾಯ್ತು ಡಾಕ್ಟ್ರೇ" ಎಂದೆ. ಅದನ್ನೂ ಚೀಟಿಯಲ್ಲಿ ಬರೆದುಕೊಂಡರು ಅಂತ ಕಾಣುತ್ತದೆ.

ರಕ್ತಪರೀಕ್ಷೆ ಮಾಡಿಸಿ, ಅದು ಸರಿ ಬಂದ ಮೇಲೆ ಐಸೊಟ್ರೆಟಿನಾಯಿನ್ ಎಂಬ ಕ್ಯಾಪ್ಸೂಲ್ ಬರೆದುಕೊಟ್ಟರು. ಎಷ್ಟೋ ತಿಂಗಳು ನುಂಗಬೇಕು, ನಡುನಡುವೆ ಮತ್ತೆ ರಕ್ತ ಕೊಡಬೇಕು, ಬಿಸಿಲಿಗೆ ಹೋಗಬಾರದು, ರಕ್ತದಾನ ಮಾಡಬಾರದು, ಮನಸ್ಸಿಗೆ ಭಾರವಾದರೆ ಕೂಡಲೇ ಹೇಳಬೇಕು. ಊಟದ ಜೊತೆ ತೆಗೆದುಕೋ ಎಂದೂ ಹೇಳಿದರು. ಅದೊಂದು ಮಾತನ್ನು ಮನೆಗೆ ತಂದವನು ನಾನು, ಅದಕ್ಕೆ ಅರ್ಥ ಹೇಳಿದವರು ಅಜ್ಜಿ.

ನಮ್ಮಲ್ಲಿ ಮದ್ದು ಅಂದರೆ ಪಥ್ಯ. ಮದ್ದು ಯಾವುದೇ ಇರಲಿ, ಪಥ್ಯ ಇಲ್ಲದಿದ್ದರೆ ಅದು ಮದ್ದೇ ಅಲ್ಲ. ಅಜ್ಜಿ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿದರು. ಒಳಗೆ ಎಣ್ಣೆಯ ಹಾಗೆ ಏನೋ ಇತ್ತು.

"ಮೊಡವೆ ಆಗುದು ಎಂತರಿಂದ? ಎಣ್ಣೆಯಿಂದ. ಮದ್ದಿನಲ್ಲಿಯೇ ಎಣ್ಣೆ ಇಟ್ಟಿದ್ದಾರೆ ಪಾಪದವರು. ಇನ್ನು ಊಟದಲ್ಲಿ ಒಂದು ಹನಿ ಇರ್ಬಾರ್ದು."

ಅಲ್ಲಿಂದ ನನ್ನ ಊಟ ಗಂಜಿ ಮತ್ತು ಉಪ್ಪು. ಜೊತೆಗೆ ಬೇಯಿಸಿದ ಹೆಸರು. ತೆಂಗಿನಕಾಯಿ ಇಲ್ಲ, ಒಗ್ಗರಣೆ ಇಲ್ಲ, ಮೀನು ಕೇಳಲೇಬಾರದು. ಬಂಗುಡೆ ಹುರಿಯುವ ವಾಸನೆ ನೆರೆಮನೆಯಿಂದ ಬಂದಾಗ ನಾನು ಕಿಟಕಿಯ ಹತ್ತಿರ ಗಂಜಿ ಬಟ್ಟಲು ಹಿಡಿದು ನಿಲ್ಲುತ್ತಿದ್ದೆ. ಒಂಟಿಯಾಗಿ ಅಲ್ಲ. ಅಜ್ಜಿಯೂ ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿರುತ್ತಿದ್ದರು. ಮೊಮ್ಮಗನ ಮುಖ ಸರಿಯಾಗುವವರೆಗೆ ತಾನೂ ಮೀನು ಮುಟ್ಟುವುದಿಲ್ಲ ಎಂದು ಯಾರಿಗೂ ಹೇಳದೆ ಶಪಥ ಮಾಡಿದ್ದರು. ಎಪ್ಪತ್ತೆರಡು ವರ್ಷದಲ್ಲಿ ಮೀನಿಲ್ಲದೆ ಸತತ ಒಂದು ವಾರ ಕಳೆದವರಲ್ಲ ಅವರು.

ಎರಡು ತಿಂಗಳಾಯಿತು. ನಾನು ಒಂದು ದಿನ ತಪ್ಪದೆ ನುಂಗಿದೆ. ಮುಖ ಇದ್ದ ಹಾಗೆಯೇ ಇತ್ತು. ಸೊಂಟ ಮಾತ್ರ ಸಣ್ಣದಾಯಿತು.

ತಪಾಸಣೆಗೆ ಹೋದಾಗ ಡಾಕ್ಟರು ಮೊದಲು ನೋಡಿದ್ದು ಮೊಡವೆಗಳನ್ನಲ್ಲ, ತುಟಿಯನ್ನು.

"ನೀನು ಮದ್ದು ತೆಗೆದುಕೊಳ್ಳುದಿಲ್ಲ."

"ತೆಗೆದುಕೊಳ್ತೇನೆ ಡಾಕ್ಟ್ರೇ. ಅಜ್ಜಿಯ ಮೇಲಾಣೆ."

"ಸುಳ್ಳು. ಈ ಮದ್ದು ತಿಂದವರ ತುಟಿ ಒಣಗಿ ಸಿಪ್ಪೆ ಏಳ್ಬೇಕು. ನಿನ್ನದು ನೋಡು, ಮದುಮಗನ ಹಾಗೆ ಉಂಟು." ಆಮೇಲೆ ಏನೋ ಹೊಳೆದು ಕೇಳಿದರು, "ಎಂತರ ಜೊತೆ ತಿಂತೀ?"

"ಗಂಜಿ."

"ಮತ್ತೆ?"

"ಉಪ್ಪು."

ಪಥ್ಯದ ಕತೆ ಹೇಳಿದೆ, ಅಜ್ಜಿಯ ಧ್ವನಿಯಲ್ಲಿಯೇ. ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದದ್ದನ್ನೂ ಬಿಡಲಿಲ್ಲ. ಈ ಸಲ ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನರ್ಸ್ ಬಾಗಿಲು ತೆರೆದು ನೋಡಿದಳು. ಈ ಮದ್ದು ಕೊಬ್ಬಿಲ್ಲದ ಹೊಟ್ಟೆಯಲ್ಲಿ ಸರಿಯಾಗಿ ಸೇರುವುದಿಲ್ಲವಂತೆ. ಎಣ್ಣೆ, ತುಪ್ಪ, ತೆಂಗಿನಕಾಯಿ, ಏನಾದರೂ ಬೇಕೇ ಬೇಕು. ಎರಡು ತಿಂಗಳು ನಾನು ನುಂಗಿದ ಮದ್ದಿನಲ್ಲಿ ಎಷ್ಟೋ ಪಾಲು ಮೈಗೆ ಸೇರದೆ ಸುಮ್ಮನೆ ಹೊರಗೆ ಹೋಗಿತ್ತು.

"ಅಜ್ಜಿಗೆ ಹೇಳು" ಎಂದರು ಕಣ್ಣು ಒರೆಸಿಕೊಂಡು, "ಬಂಗುಡೆ ಹುರಿದು ಹಾಕ್ಲಿಕ್ಕೆ ಡಾಕ್ಟ್ರು ಬರೆದು ಕೊಟ್ಟಿದ್ದಾರೆ ಅಂತ."

ಮನೆಗೆ ಬಂದು ಹೇಳಿದಾಗ ಅಜ್ಜಿ ನಗಲಿಲ್ಲ. ಅಡುಗೆಮನೆಯ ಮಣೆಯ ಮೇಲೆ ಕೂತರು. "ನಾನೇ ತಡೆದದ್ದಾ ಹಾಗಾದ್ರೆ" ಎಂದರು. ನಾನು ಅವರದೇ ಧ್ವನಿಯಲ್ಲಿ "ಪಾಪದವರು" ಎಂದೆ. ಆಗಲೂ ನಗಲಿಲ್ಲ. ಎದ್ದು ಹೋಗಿ ತೆಂಗಿನೆಣ್ಣೆಯ ಡಬ್ಬಿ ತಂದು, ಅಳತೆ ಮರೆತು ಕಾವಲಿಗೆ ಸುರಿದರು. ಅವತ್ತು ಮನೆಯಲ್ಲಿ ಬಂಗುಡೆ ಹುರಿದ ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ನನ್ನ ಬಟ್ಟಲಿಗೆ ನಾಲ್ಕು ಹಾಕಿದರು, ತಾವು ಮುಟ್ಟಲಿಲ್ಲ. "ನಿನ್ನ ಮುಖ ಇನ್ನೂ ಸರಿಯಾಗಿಲ್ಲ ಅಲ್ವಾ. ನಾನು ಹೇಳಿಕೊಂಡದ್ದು ಹೇಳಿಕೊಂಡದ್ದೇ."

ಅಲ್ಲಿಂದ ಮದ್ದು ಕೆಲಸ ಶುರುಮಾಡಿತು. ಯಾರಾದರೂ ಇದನ್ನು ಹೊಸದಾಗಿ ಶುರುಮಾಡಿದ್ದರೆ ಒಂದು ಮಾತು: ಮೊದಲು ಮುಖ ಇನ್ನೂ ಹಾಳಾಗಬಹುದು, ನನಗೆ ಆಯಿತು. ಹೆದರಿ ನಡುವೆ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮೂಗು ಒಣಗಿ ರಕ್ತ ಬಂತು. ಗಲ್ಲದ ಸಿಪ್ಪೆ ಮಳೆಗಾಲ ಕಳೆದ ಮೇಲಿನ ಸುಣ್ಣದ ಗೋಡೆಯ ಹಾಗೆ ಎದ್ದಿತು. ತುಟಿಯಂತೂ ಡಾಕ್ಟರು ಮೆಚ್ಚುವ ಹಾಗೆ ಒಣಗಿತು. ಇಡೀ ದಿನ ವ್ಯಾಸಲಿನ್ ಬಳಿದುಕೊಂಡು, ದೋಸೆಕಲ್ಲಿನ ಹಾಗೆ ಹೊಳೆಯುತ್ತ ತಿರುಗಿದೆ. ಪ್ರಚಾರಕ್ಕೆ ಹೋಗುವುದು ನಿಂತಿತು. 'ಪ' ಎಂದರೆ ಸೀಳುತ್ತಿತ್ತು, 'ಬ' ಎಂದರೆ ರಕ್ತ. ಪಂದ್ಯ, ಬಹುಮಾನ, ಪಾರಿತೋಷಕ, ಕಬಡ್ಡಿಯವರ ಎಲ್ಲ ಶಬ್ದಗಳೂ ನನ್ನ ವಿರುದ್ಧವೇ ಇದ್ದವು. ರೈಲು ಗದ್ದೆಯ ಬದಿಯಲ್ಲಿ ನಿಂತದ್ದು ಆ ವಾರವೇ.

ಆಮೇಲೆ ಶುಕ್ರವಾರ ಬಂತು.

ಅಮ್ಮ ಮಾತಾಡಿದರು, ಅಜ್ಜಿ ಮಾತಾಡಿದರು. ಫೋನು ನನ್ನ ಕೈಗೆ ಬಂತು. ನಾನು ಕ್ಯಾಮರಾ ಆಫ್ ಮಾಡಿ ಅಂಗಳಕ್ಕೆ ಇಳಿದು, ತುಟಿಯನ್ನು ಹಲ್ಲಿಗೆ ಒತ್ತಿದೆ. ಸೈಕಲ್ ಚಕ್ರದ ಗಾಳಿ ಬಿಟ್ಟ ಹಾಗೆ 'ಪುಸ್' ಎಂದಿತು. ಇನ್ನೊಮ್ಮೆ ಒತ್ತಿದೆ. ತುಟಿ ಸೀಳಿ ಬಾಯಿಯೆಲ್ಲ ಉಪ್ಪಾಯಿತು. ನಮ್ಮ ಹುಂಜ, ಬಾವಿಕಟ್ಟೆಯ ಮೇಲೆ ನಿಂತಿದ್ದ ಮೂರ್ಖ, ಕತ್ತು ಎತ್ತಿ ಉದ್ದಕ್ಕೆ ಕೂಗಿತು.

"ಮಗಾ" ಎಂದರು ಅಪ್ಪ. "ಒಂದು ಕೇಳ್ಬೇಕು ಅಂತ ಇತ್ತು. ಅಲ್ಲಿ ನಿನಗೆ ಸಿಗ್ನಲ್ ಹೋದಾಗಲೆಲ್ಲ ಕೋಳಿಗೆ ಮಾತ್ರ ಸರಿಯಾಗಿ ಸಿಗ್ತದಲ್ಲ. ಅದು ಯಾವ ಸಿಮ್ಮು?"

ನಾನು ಹುಂಜದ ಕಡೆ ನೋಡಿದೆ.

"ಕೋಳಿ ಕೂಗುದು ಕೇಳ್ತದೆ. ಅಮ್ಮ ಎಲೆ ಕತ್ತರಿಸುದು ಕೇಳ್ತದೆ. ಒಂದು ಸರ್ತಿ ಕುಕ್ಕರಿನ ಮೂರು ಸೀಟಿಯೂ ಕೇಳಿತು, ನಾನು ಎಣಿಸಿದ್ದೇನೆ. ನಿನ್ನ ಮಾತು ಮಾತ್ರ ತುಂಡಾಗ್ತದೆ."

"ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲನೇ ಶುಕ್ರವಾರ."

ಹದಿನಾಲ್ಕು ತಿಂಗಳು. ವಾರವಿಡೀ ಕಾದು, ಪ್ರತಿ ಶುಕ್ರವಾರ ಈ ಮನುಷ್ಯ 'ಇವತ್ತು ಹೇಗುಂಟು ಸಿಗ್ನಲ್' ಎಂದು ಕೇಳಿದ್ದು ಟವರಿನ ವಿಷಯ ಅಲ್ಲ. ಇಲ್ಲ ಎಂದಾಗ 'ಆಯ್ತು ಆಯ್ತು' ಎಂದು ಇಟ್ಟು, ಮುಂದಿನ ಶುಕ್ರವಾರ ಮತ್ತೆ ಕೇಳಿದ್ದಾರೆ. ಜಗಲಿಯ ಕಡೆ ನೋಡಿದೆ. ಅಮ್ಮನ ಕತ್ತರಿ ನಿಂತಿತ್ತು. ಅವರು ತಲೆ ಎತ್ತಲಿಲ್ಲ. ಇಬ್ಬರೂ ಸೇರಿ ನನ್ನ ನಾಟಕವನ್ನು ನೋಡುತ್ತಿದ್ದರು, ನಡುವೆ ಎದ್ದು ಹೋಗದೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನಾಗಿ ತೋರಿಸ್ತಿ ಅಂತ. ಮತ್ತೆ, ಮಿಮಿಕ್ರಿಯೂ ಒಳ್ಳೆದಿತ್ತು. ಕೇಳುವ ಅಂತ ಆಗ್ತಿತ್ತು."

ನಾನು ಕ್ಯಾಮರಾ ಆನ್ ಮಾಡಿದೆ.

ಬೆಳಕು ಪೂರ್ತಿ ನನ್ನ ಮೇಲಿತ್ತು. ಕೆಂಪು ಗಂಟುಗಳು, ಎದ್ದ ಸಿಪ್ಪೆ, ಗಲ್ಲದ ಗುಳಿಗಳು, ತುಟಿಯಿಂದ ಇಳಿದ ರಕ್ತದ ಗೆರೆ, ಎಲ್ಲದರ ಮೇಲೆ ವ್ಯಾಸಲಿನ್. ಅಪ್ಪ ಮಂಚದ ಅಂಚಿನಲ್ಲಿ ಬನಿಯನಿನಲ್ಲಿ ಕೂತಿದ್ದರು. ಕೂದಲು ಹಿಂದೆ ಸರಿದಿತ್ತು. ನಾನು ನೋಡಿರಲಿಲ್ಲವಲ್ಲ, ಕ್ಯಾಮರಾ ಆಫ್ ಮಾಡುವ ಅವಸರದಲ್ಲಿ ಅವರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಫೋನನ್ನು ಹತ್ತಿರ ತಂದರು. ಅಂಗಿಯ ಕಾಲರಿನ ಕಲೆ ನೋಡುವ ಹಾಗೆ, ಒಂದು ಕಡೆಯಿಂದ ಶುರುಮಾಡಿ, ನಿಧಾನವಾಗಿ ನೋಡಿದರು.

"ನೋಯ್ತದಾ?"

"ಮುಟ್ಟಿದ್ರೆ."

ಚಿತ್ರ ಅಲ್ಲಾಡಿತು. ಆಮೇಲೆ ಪರದೆ ತುಂಬ ಕಂದು ಬಣ್ಣ, ಅದರ ನಡುವೆ ಗೆರೆಗಳು. ಅಪ್ಪನ ಹೆಬ್ಬೆರಳು.

"ಅಪ್ಪ, ಬೆರಳು ಕ್ಯಾಮರಾದ ಮೇಲೆ ಉಂಟು."

"ಮ... ಕರ್... ಮಗಾ... ಕೇ... ಕರ್ ಕರ್... ಸಿಗ್ನಲ್..."

ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಮಿಮಿಕ್ರಿ ನಾನು ಕೇಳಿಲ್ಲ. ಒಂದೇ ಒಂದು ಅಕ್ಷರ ಸರಿಯಾದ ಕಡೆ ತುಂಡಾಗಲಿಲ್ಲ. ಹಿಂದೆ ಅವರ ಕೋಣೆಯ ಏಸಿ ಗಡಗಡ ಎನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಯಾರೋ ಮಲಯಾಳದಲ್ಲಿ ಚಹಾ ಆಯಿತಾ ಎಂದು ಕೇಳಿದ್ದು ಕೇಳಿತು. ಮೂಗು ಎಳೆದುಕೊಂಡ ಶಬ್ದವೂ ಕೇಳಿತು.

"ಆಯ್ತು ಅಪ್ಪ" ಎಂದೆ. "ನಿಮ್ಮಲ್ಲಿ ಸಿಗ್ನಲ್ ಇಲ್ಲ ಅಂತ ಕಾಣ್ತದೆ. ಇಡ್ತೇನೆ, ಆಗದಾ?"

ಇಡಲಿಲ್ಲ. ಅವರೂ ಇಡಲಿಲ್ಲ. ಆ ಹೆಬ್ಬೆರಳನ್ನು ನೋಡುತ್ತ ನಾನು ಅಂಗಳದಲ್ಲಿ ತುಂಬ ಹೊತ್ತು ನಿಂತಿದ್ದೆ.

ಅಲ್ಲಿಂದ ಮೇಲೆ ಶುಕ್ರವಾರಗಳಲ್ಲಿ ಸಿಗ್ನಲ್ ಒಳ್ಳೆಯದಾಯಿತು. ಅಪ್ಪ ವಾರವಾರ ಪರೀಕ್ಷೆ ಮಾಡುತ್ತಿದ್ದರು. "ಎಡಗಡೆ ತಿರುಗು. ಮೊನ್ನೆ ಇದ್ದದ್ದು ಕೂತಿದೆ. ಇದು ಹೊಸದಾ?" ಡಾಕ್ಟರಿಗಿಂತ ಚೆನ್ನಾಗಿ ಲೆಕ್ಕ ಇಟ್ಟವರು ಅವರು. ಒಟ್ಟು ಒಂಬತ್ತು ತಿಂಗಳು ನುಂಗಿದೆ. ಈಗ ಮುಗಿದು ಎರಡು ತಿಂಗಳು. ಗುಳಿಗಳು ಉಳಿದಿವೆ, ಸಂಜೆಯ ಓರೆ ಬೆಳಕಿನಲ್ಲಿ ಹೆಚ್ಚು ಕಾಣುತ್ತವೆ. ಕನ್ನಡಿ ಕಂಡರೆ ಮುಖ ತಿರುಗಿಸುವ ಅಭ್ಯಾಸ ಪೂರ್ತಿ ಹೋಗಿಲ್ಲ. ಜನಾರ್ದನಣ್ಣನ ಕುರ್ಚಿ ಮಾತ್ರ ಮತ್ತೆ ಕನ್ನಡಿಯ ಕಡೆಗೆ ತಿರುಗಿದೆ, "ಬೆಳಕು ಈಗ ಈ ಕಡೆ ಬಂದಿದೆ" ಎಂದರು. ಅಜ್ಜಿ ಕೊನೆಯ ಖಾಲಿ ಸ್ಟ್ರಿಪ್ಪನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ, ಉಪ್ಪು-ಮೆಣಸಿನ ಹರಕೆ ತೀರಿಸಿ, ಅದೇ ಮಧ್ಯಾಹ್ನ ಎಂಟು ಬಂಗುಡೆ ತಿಂದರು. ಯಾವುದರಿಂದ ಗುಣವಾಯಿತು ಎಂಬ ಚರ್ಚೆ ನಮ್ಮ ಮನೆಯಲ್ಲಿ ಮುಗಿದಿಲ್ಲ.

ತುಟಿ ಸರಿಯಾಗಿದೆ. ರೈಲು ಈಗ ಕುಂಬಳೆ ದಾಟಿ ಕಾಸರಗೋಡಿನವರೆಗೂ ಓಡುತ್ತದೆ. ಕಳೆದ ತಿಂಗಳು ಒಂದು ಮದರಂಗಿಯಲ್ಲಿ ಸ್ಟೇಜ್ ಹತ್ತಿದೆ. ಮುಖದ ಮೇಲೆ ಲೈಟ್ ಬಿದ್ದಾಗ ಮೊಣಕಾಲು ನಡುಗಿತು, ಅದನ್ನು ಪಲ್ಸರ್ ಬೈಕಿನ ಮಿಮಿಕ್ರಿ ಎಂದು ಜನ ತಿಳಿದುಕೊಂಡರು.

ಅಪ್ಪ ಇನ್ನೂ ಬಂದಿಲ್ಲ. ಅಷ್ಟಮಿಗೆ ಎಂದವರು ಚೌತಿಗೆ ಎಂದರು, ಲಾಂಡ್ರಿಯಲ್ಲಿ ಇನ್ನೊಬ್ಬ ರಜೆ ಹಾಕಿದ್ದರಿಂದ ಈಗ ದೀಪಾವಳಿ ಎನ್ನುತ್ತಿದ್ದಾರೆ. ಕರೆ ಮುಗಿಯುವಾಗ ಅವರಿಗೊಂದು ಹೊಸ ಅಭ್ಯಾಸವಾಗಿದೆ, ಹೆಬ್ಬೆರಳನ್ನು ತಂದು ಕ್ಯಾಮರಾದ ಮೇಲೆ ಒಮ್ಮೆ ಒತ್ತುತ್ತಾರೆ. ಇಲ್ಲಿ ನನ್ನ ಪರದೆ ಕಂದಾಗುತ್ತದೆ. ಅದರ ಗೆರೆಗಳು ಈಗ ನನಗೆ ಬಾಯಿಪಾಠ.

ನಾನು ದಿನಾ ಬೆಳಿಗ್ಗೆ ಮುಖ ತೊಳೆದು, ನನ್ನದೇ ಹೆಬ್ಬೆರಳುಗಳಲ್ಲಿ ಎರಡೂ ಗಲ್ಲ ಹಿಡಿದು ಹಿಂಡಿ ನೋಡುತ್ತೇನೆ. ನೋಯುವುದಿಲ್ಲ. ಎಷ್ಟು ಜೋರಾಗಿ ಹಿಂಡಿದರೂ ನೋಯುವುದಿಲ್ಲ.